ಮಟ್ಟು ಗುಳ್ಳ ಯಾರ ಹೆಸರಿನಲ್ಲಿದೆ?

ಡಿಸೆಂಬರ್ ಕಳೆದ ಮೇಲೆ ಉಡುಪಿ, ಕಟಪಾಡಿ ಕಡೆಯ ಯಾವ ತರಕಾರಿ ಅಂಗಡಿಗೆ ಹೋದರೂ ಬದನೆಗಳ ನಡುವೆ ಒಂದರ ರೇಟು ಮಾತ್ರ ಜಾಸ್ತಿ ಇರುತ್ತದೆ. ಗುಂಡಗಿನ ಕಾಯಿ, ತಿಳಿ ಹಸಿರು ಬಣ್ಣ, ಮೈಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. "ಇದು ಮಟ್ಟುವಿನದ್ದೇ ಹೌದಾ?" ಅಂತ ಕೇಳದೆ ನಮ್ಮ ಕಡೆಯವರು ಕಿಸೆಗೆ ಕೈ ಹಾಕುವುದಿಲ್ಲ. ಅಂಗಡಿಯವರು ಹೌದು ಅಂತಲೇ ಹೇಳುತ್ತಾರೆ, ಅದು ಬೇರೆ ವಿಷಯ.

ಗದ್ದೆಯಲ್ಲಿರುವ ಗಿಡ ಯಾರದ್ದು ಅಂತ ಹೇಳುವುದು ಸುಲಭ, ಆರ್‌ಟಿಸಿ ನೋಡಿದರೆ ಸಾಕು. ಆದರೆ ಆ ತಳಿ ಯಾರದ್ದು? ಬೀಜದೊಳಗಿನ ಗುಣ ಯಾರದ್ದು? ಕೇಳಲಿಕ್ಕೆ ಕೆಲಸವಿಲ್ಲದವರ ಪ್ರಶ್ನೆ ಹಾಗೆ ಕಾಣಬಹುದು. ಆದರೆ 2010ರಿಂದ 2013ರ ನಡುವೆ ಈ ಪ್ರಶ್ನೆ ಬೆಂಗಳೂರು, ಚೆನ್ನೈ, ದಿಲ್ಲಿ ಸುತ್ತಿ ಧಾರವಾಡದ ನ್ಯಾಯಾಲಯದವರೆಗೂ ಹೋಗಿತ್ತು. ಆ ಕತೆ ಹೇಳುವ ಮೊದಲು ಪೇಟೆಂಟ್ ಅಂದರೆ ಏನು ಅಂತ ಸ್ವಲ್ಪ ನೋಡಿಕೊಳ್ಳೋಣ.

ಪೇಟೆಂಟ್ ಅನ್ನುವುದು ಸರಕಾರದ ಜೊತೆ ಮಾಡಿಕೊಳ್ಳುವ ಒಂದು ಒಪ್ಪಂದ. ನೀವು ಹೊಸದೇನಾದರೂ ಕಂಡುಹಿಡಿದಿರಿ ಅಂತ ಇಟ್ಕೊಳ್ಳಿ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮುಚ್ಚುಮರೆ ಇಲ್ಲದೆ ಬರೆದು ಕೊಡಬೇಕು. ಅದಕ್ಕೆ ಬದಲಾಗಿ ಇಷ್ಟು ವರ್ಷ ಬೇರೆ ಯಾರೂ ನಿಮ್ಮ ಅನುಮತಿ ಇಲ್ಲದೆ ಅದನ್ನು ಮಾಡಿ ಮಾರಬಾರದು ಅಂತ ಸರಕಾರ ಕಾಯುತ್ತದೆ. ಈಗ ಆ ಅವಧಿ 20 ವರ್ಷ. ಅವಧಿ ಮುಗಿದ ಮೇಲೆ ಅದು ಊರಿನ ಕೆರೆ ಇದ್ದ ಹಾಗೆ, ಯಾರು ಬೇಕಾದರೂ ನೀರು ತೆಗೆದುಕೊಳ್ಳಬಹುದು.

ಭಾರತದಲ್ಲಿ ಇದಕ್ಕೆ ಮೊದಲ ಕಾನೂನು ಬಂದದ್ದು 1856ರಲ್ಲಿ. ಆ ವರ್ಷ ಮೊದಲ ಅರ್ಜಿ ಹಾಕಿದವರು ಕಲ್ಕತ್ತಾದ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಎಂಜಿನಿಯರ್. ಅವರು ಕಂಡುಹಿಡಿದದ್ದು ರೈಲೂ ಅಲ್ಲ, ಫಿರಂಗಿಯೂ ಅಲ್ಲ. ಪಂಕ ಎಳೆಯುವ ಯಂತ್ರ! ಸಾಹೇಬರ ಬಂಗಲೆಯ ಮಾಡಿಗೆ ತೂಗುಹಾಕಿದ ಬಟ್ಟೆಯ ಬೀಸಣಿಗೆಯನ್ನು ಹಗಲು ರಾತ್ರಿ ಹಗ್ಗ ಹಿಡಿದು ಎಳೆಯಲಿಕ್ಕೆ ಜನ ಇರುತ್ತಿದ್ದರಲ್ಲ, ಆ ಕೆಲಸ ಮಾಡುವ ಯಂತ್ರ. ನಮ್ಮ ದೇಶದ ಪೇಟೆಂಟ್ ಇತಿಹಾಸ ಶುರುವಾದದ್ದು ಇಂಥ ದಿನಬಳಕೆಯ ವಸ್ತುವಿನಿಂದ. ಹಗ್ಗ ಎಳೆಯುತ್ತಿದ್ದವರ ಹೆಸರು ಯಾವ ಕಡತದಲ್ಲೂ ಇಲ್ಲ. ಯಂತ್ರದವರ ಹೆಸರು ಉಳಿಯಿತು.

ಪೇಟೆಂಟ್ ಅಂದರೆ ಬರೀ ಮೋಸ ಅಂತ ನಾನು ಹೇಳುತ್ತಿಲ್ಲ. ಅದು ಸರಿಯಾಗಿ ನಡೆದಾಗ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮಣಿಪಾಲದಲ್ಲೇ ಒಂದು ಉದಾಹರಣೆ ಇದೆ. ಪಿಸಿಆರ್ ಎಂಬ ಪದ ಕೊರೋನಾ ಕಾಲದಲ್ಲಿ ಅಜ್ಜಿಯಂದಿರ ಬಾಯಿಗೂ ಬಂತಲ್ಲ, ಕಣ್ಣಿಗೆ ಕಾಣದಷ್ಟು ಡಿಎನ್‌ಎಯನ್ನು ಲಕ್ಷ ಕೋಟಿ ಪಟ್ಟು ಹೆಚ್ಚಿಸಿ ರೋಗಾಣು ಹಿಡಿಯುವ ಈ ವಿಧಾನವನ್ನು ಕಂಡುಹಿಡಿದವರು ಅಮೆರಿಕದ ಸೀಟಸ್ ಕಂಪನಿಯಲ್ಲಿದ್ದ ಕ್ಯಾರಿ ಮುಲ್ಲಿಸ್. 1987ರಲ್ಲಿ ಪೇಟೆಂಟ್ ಸಿಕ್ಕಿತು, 1991ರಲ್ಲಿ ರೋಶ್ ಕಂಪನಿ ಅದರ ಹಕ್ಕನ್ನು 30 ಕೋಟಿ ಡಾಲರ್ ಕೊಟ್ಟು ಕೊಂಡಿತು, 1993ರಲ್ಲಿ ಮುಲ್ಲಿಸ್‌ಗೆ ನೊಬೆಲ್ ಬಂತು. 2005ರಲ್ಲಿ ಅಮೆರಿಕದಲ್ಲಿ ಮೂಲ ಪೇಟೆಂಟ್‌ನ ಅವಧಿ ಮುಗಿಯಿತು.

2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡಿನಲ್ಲಿ ಜನ ಗುರುತಿಲ್ಲದ ಜ್ವರದಿಂದ ಸಾಯತೊಡಗಿದಾಗ ಮಾದರಿಗಳು ಬಂದದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಅದು ನಿಪಾ ಅಂತ ಮೊದಲು ಗುರುತಿಸಿದ್ದು ಅಲ್ಲಿ. ಆಮೇಲೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಆ ಪರೀಕ್ಷೆಯ ಬೇರು ಅದೇ ಪಿಸಿಆರ್. ಒಂದು ಕಾಲದಲ್ಲಿ ಕಂಪನಿಯ ಬೀಗದೊಳಗಿದ್ದ ಜ್ಞಾನ ಅವಧಿ ಮುಗಿದು ಎಲ್ಲರದ್ದಾಯಿತು. ಕಂಡುಹಿಡಿದವರಿಗೆ ಹೆಸರೂ ಬಂತು, ದುಡ್ಡೂ ಬಂತು. ಪೇಟೆಂಟ್ ಇರುವುದೇ ಇದಕ್ಕೆ.

ಈಗ ಮಣಿಪಾಲದ ಗುಡ್ಡ ಇಳಿದು ಕಡಲ ಕಡೆಗೆ ಹೋಗೋಣ. ಕಟಪಾಡಿಯಿಂದ ಪಶ್ಚಿಮಕ್ಕೆ ತಿರುಗಿದರೆ ಸಿಗುವುದು ಮಟ್ಟು. ಈಗ ಕಾಪು ತಾಲೂಕಿಗೆ ಸೇರಿದ ಊರು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಮರಳು ಮಿಶ್ರಿತ ಮಣ್ಣಿನ ಗದ್ದೆಗಳು. ಮಳೆಗಾಲದ ಭತ್ತ ಮುಗಿದ ಮೇಲೆ ಇಲ್ಲಿ ಗುಳ್ಳ ನೆಡುತ್ತಾರೆ.

ಈ ತಳಿ ಬಂದದ್ದು ಹೇಗೆ ಅನ್ನುವುದಕ್ಕೆ ಊರಲ್ಲಿ ಒಂದು ಕತೆ ಇದೆ, ಎಲ್ಲರಿಗೂ ಗೊತ್ತಿರುವುದೇ. 16ನೇ ಶತಮಾನದಲ್ಲಿ ಸೋದೆ ಮಠದ ವಾದಿರಾಜ ಸ್ವಾಮಿಗಳು ದಿನಾ ಹಯಗ್ರೀವ ದೇವರಿಗೆ ಕಡಲೆಬೇಳೆಯ ಮಡ್ಡಿಯನ್ನು ಹರಿವಾಣದಲ್ಲಿ ತಲೆಯ ಮೇಲೆ ಹೊತ್ತು ಅರ್ಪಿಸುತ್ತಿದ್ದರಂತೆ. ಕುದುರೆಯ ರೂಪದಲ್ಲಿ ಬಂದ ದೇವರು ತಿಂದು ಸ್ವಲ್ಪ ಉಳಿಸುತ್ತಿದ್ದನಂತೆ. ಆಗದವರು ಯಾರೋ ಅದಕ್ಕೆ ವಿಷ ಬೆರೆಸಿದರು. ಆ ದಿನ ದೇವರು ಏನೂ ಉಳಿಸದೆ ಎಲ್ಲವನ್ನೂ ತಿಂದ, ಮೂರ್ತಿ ನೀಲಿಯಾಯಿತು. ಮಟ್ಟುವಿನ ಗದ್ದೆಯಲ್ಲಿ ಬೀಜ ಹಾಕಿ ಬೆಳೆದ ಗುಳ್ಳದ ನೈವೇದ್ಯ ಮಾಡಿದ ಮೇಲೆ ನೀಲಿ ಇಳಿಯಿತು. ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಆದರೆ ಬೀಜ ಕೊಟ್ಟವರು ವಾದಿರಾಜರು, ಬೆಳೆಸಿದವರು ಮಟ್ಟುವಿನವರು ಅನ್ನುವುದು ಎಲ್ಲದರಲ್ಲೂ ಒಂದೇ. ಇವತ್ತಿಗೂ ಉಡುಪಿ ಪರ್ಯಾಯದ ಅಡುಗೆಯಲ್ಲಿ ಮಟ್ಟು ಗುಳ್ಳಕ್ಕೆ ತನ್ನದೇ ಸ್ಥಾನ ಇದೆ.

ಕತೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಮುಖ್ಯ ಅನ್ನಿಸುವುದು ಕತೆಯ ನಂತರ ನಡೆದ ಕೆಲಸ. ಪ್ರತಿ ವರ್ಷ ಸಾಲಿನಲ್ಲಿ ಚೆನ್ನಾಗಿ ಬಂದ ಗಿಡ ಯಾವುದು ಅಂತ ನೋಡಬೇಕು. ಅದರ ಒಂದೆರಡು ಕಾಯಿಯನ್ನು ಕೊಯ್ಯದೆ ಹಣ್ಣಾಗಲು ಬಿಡಬೇಕು. ಕಹಿ ಇರುವುದನ್ನು, ಬಣ್ಣ ಬೇರೆ ಬಂದದ್ದನ್ನು ಬೀಜಕ್ಕೆ ಬಿಡಬಾರದು. ಬೀಜ ತೊಳೆದು ಒಣಗಿಸಿ ಮುಂದಿನ ಹಂಗಾಮಿನವರೆಗೆ ಇಲಿ, ಹುಳ, ಮಳೆಗಾಲದ ಥಂಡಿಯಿಂದ ಕಾಪಾಡಬೇಕು. ಕಾರ್ಕಳದ ಕಡೆಯ ಹಳೆಯ ಮನೆಗಳಲ್ಲಿ ಮಾಡಿನ ಅಡ್ಡೆಗೆ ಬಾಳೆನಾರಿನಲ್ಲಿ ಸೌತೆಕಾಯಿ ಕಟ್ಟಿ ತೂಗುಹಾಕಿದ್ದನ್ನು, ಬೀಜಕ್ಕೆ ಬೂದಿ ಬೆರೆಸಿ ಇಟ್ಟದ್ದನ್ನು ನೋಡಿದವರಿಗೆ ಈ ಕೆಲಸದ ಅಂದಾಜು ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಇದನ್ನು ಮಾಡುತ್ತಿದ್ದವರು ಹೆಂಗಸರು.

ಇದು 400 ವರ್ಷ ನಡೆದರೆ ಏನಾಗುತ್ತದೆ? ಸಿಪ್ಪೆ ತೆಳು, ಕಹಿ ಇಲ್ಲ, ಬೋಳು ಕೊದ್ದೆಲ್‌ಗೆ ಹಾಕಿದರೆ ಬೆಣ್ಣೆಯ ಹಾಗೆ ಬೇಯುವ ಒಂದು ಕಾಯಿ ಸಿಗುತ್ತದೆ. ತಳಿ ವಿಜ್ಞಾನಿಗಳು ಇದನ್ನೇ ಆಯ್ಕೆ ಅನ್ನುತ್ತಾರೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಯಾವ ಸಾಲನ್ನು ಯಾರು ಯಾವ ದಿನ ಬದಲಿಸಿದರು ಅಂತ ಗಿಟ್ ತೆಗೆದರೆ ಪೂರ್ತಿ ಸಿಗುತ್ತದೆ. ಹತ್ತು ವರ್ಷದ ಹಿಂದೆ ಕೆಲಸ ಬಿಟ್ಟು ಹೋದವರ ಹೆಸರೂ ಅಲ್ಲಿರುತ್ತದೆ. ಗುಳ್ಳಕ್ಕೆ ಅಂಥ ಲಾಗ್ ಇಲ್ಲ. ಕೆಲಸ ಮಾಡಿದವರು ನೂರಾರು ಜನ, ದಾಖಲೆ ಸೊನ್ನೆ. ಕಾನೂನಿನ ಕಣ್ಣಿಗೆ ಬೀಳುವುದು ಕಾಗದದಲ್ಲಿ ಇದ್ದದ್ದು ಮಾತ್ರ. ತೊಂದರೆ ಶುರುವಾಗುವುದು ಇಲ್ಲಿ.

ಕಾಗದದ ಬಲ ಎಷ್ಟು ಅಂತ ತಿಳಿಯಲಿಕ್ಕೆ ಅರಸಿನದ ಕೇಸು ನೋಡಿ. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಒಂದು ಪೇಟೆಂಟ್ ಸಿಕ್ಕಿತು. ವಿಷಯ ಏನು ಗೊತ್ತಾ? ಗಾಯ ಮಾಯಲು ಅರಸಿನ ಬಳಸುವುದು! ಅರ್ಜಿ ಹಾಕಿದ ಸಂಶೋಧಕರಿಬ್ಬರೂ ಭಾರತೀಯ ಮೂಲದವರೇ. ನಮ್ಮಲ್ಲಿ ಮಗು ಬಿದ್ದು ಮಂಡಿ ತರಚಿಕೊಂಡರೆ ಡಬ್ಬದಿಂದ ಅರಸಿನ ತೆಗೆದು ಹಚ್ಚುವುದು ಯಾರಿಗೆ ಗೊತ್ತಿಲ್ಲ? ಆದರೆ ಆಗಿನ ಅಮೆರಿಕದ ಕಾನೂನಿನಲ್ಲಿ ಹೊರದೇಶದ ಬಾಯಿಮಾತಿನ ತಿಳಿವಳಿಕೆಗೆ, ರೂಢಿಗೆ ಬೆಲೆ ಇರಲಿಲ್ಲ. ಅಚ್ಚಾದ ದಾಖಲೆ ಇದ್ದರೆ ಮಾತ್ರ ಲೆಕ್ಕ. ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳು, 1953ರಲ್ಲಿ ಭಾರತೀಯ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನ ಸೇರಿ 32 ದಾಖಲೆ ಒದಗಿಸಿದ ಮೇಲೆ 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಕೋಟ್ಯಂತರ ಅಜ್ಜಿಯರ ಅನುಭವ ಸಾಲಲಿಲ್ಲ, ಅದನ್ನು ಯಾರೋ ಬರೆದಿಟ್ಟದ್ದು ಕೈಹಿಡಿಯಿತು.

ಈಗ ಗುಳ್ಳದ ವಿಷಯಕ್ಕೆ ಬರೋಣ. ಬದನೆ ಬೆಳೆದವರಿಗೆ ಕುಡಿ ಮತ್ತು ಕಾಯಿ ಕೊರಕ ಹುಳದ ಉಪದ್ರ ಗೊತ್ತಿರುತ್ತದೆ. ಹೊರಗಿಂದ ಕಾಯಿ ಚಂದ, ಕೊಯ್ದರೆ ಒಳಗೆ ಹುಳ. ಅದಕ್ಕೆ ಮತ್ತೆ ಮತ್ತೆ ಮದ್ದು ಹೊಡೆಯಬೇಕು. ಇದಕ್ಕೆ ಪರಿಹಾರವಾಗಿ ಬಂದದ್ದು ಬಿಟಿ ಬದನೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಒಂದು ಜೀನನ್ನು ಬದನೆಗೆ ಸೇರಿಸುತ್ತಾರೆ. ಆಗ ಗಿಡವೇ ಒಂದು ಪ್ರೋಟೀನ್ ತಯಾರಿಸುತ್ತದೆ, ತಿಂದ ಹುಳದ ಕರುಳು ಕೆಟ್ಟು ಸಾಯುತ್ತದೆ. ಈ ಜೀನ್ ತಂತ್ರಜ್ಞಾನ ಮಾನ್ಸಾಂಟೋದ್ದು. ಭಾರತದಲ್ಲಿ ಬದನೆಗೆ ಅದನ್ನು ತಂದದ್ದು ಮಾನ್ಸಾಂಟೋ ಪಾಲುದಾರಿಕೆ ಇದ್ದ ಮಹಿಕೋ ಕಂಪನಿ.

2005ರಲ್ಲಿ ಅಮೆರಿಕದ ಯುಎಸ್‌ಏಡ್ ನೆರವಿನ ಯೋಜನೆಯೊಂದರ ಅಡಿಯಲ್ಲಿ ಮಹಿಕೋ, ಸತ್ಗುರು ಎಂಬ ಸಲಹಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ನಡುವೆ ಒಪ್ಪಂದವಾಯಿತು. ಕರ್ನಾಟಕದ ಆರು ಸ್ಥಳೀಯ ಬದನೆಗಳಿಗೆ ಬಿಟಿ ಜೀನ್ ಸೇರಿಸುವುದು ವಿಶ್ವವಿದ್ಯಾಲಯದ ಕೆಲಸ. ಮಲಾಪುರ, ಕುಡಚಿ ಮುಂತಾದ ಉತ್ತರ ಕರ್ನಾಟಕದ ತಳಿಗಳ ಜೊತೆ ಆ ಪಟ್ಟಿಯಲ್ಲಿ ಇದ್ದ ಇನ್ನೊಂದು ಹೆಸರು ಉಡುಪಿ ಗುಳ್ಳ.

ಯೋಜನೆಯವರ ವಾದವನ್ನೂ ಹೇಳಬೇಕು. ಕಂಪನಿಯ ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ದುಡ್ಡು ಕೊಟ್ಟು ತರಬೇಕು. ಅದರ ಬದಲು ಸರಕಾರಿ ವಿಶ್ವವಿದ್ಯಾಲಯವೇ ಸ್ಥಳೀಯ ತಳಿಗೆ ಜೀನ್ ಸೇರಿಸಿ ಕೊಟ್ಟರೆ ಬಡ ರೈತರು ಕಡಿಮೆ ಬೆಲೆಗೆ ಪಡೆದು ತಾವೇ ಬೀಜ ಉಳಿಸಿಕೊಳ್ಳಬಹುದು, ಮದ್ದಿನ ಖರ್ಚೂ ಇಳಿಯುತ್ತದೆ. ಕೇಳಲಿಕ್ಕೆ ಸರಿಯಾಗಿಯೇ ಇದೆ. ಬಾಂಗ್ಲಾದೇಶದಲ್ಲಿ 2013ರಲ್ಲಿ ಬಿಟಿ ಬದನೆಗೆ ಅನುಮತಿ ಸಿಕ್ಕಿ ರೈತರು ಬೆಳೆಯುತ್ತಲೂ ಇದ್ದಾರೆ.

ಹಾಗಾದರೆ ತಕರಾರು ಏನು? ಕೇಳಲಿಲ್ಲ ಅನ್ನುವುದು ತಕರಾರು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ವಿದೇಶಿ ಪಾಲು ಇರುವ ಸಂಸ್ಥೆ ನಮ್ಮ ನೆಲದ ಜೀವಸಂಪತ್ತನ್ನು ಸಂಶೋಧನೆಗೋ ವ್ಯಾಪಾರಕ್ಕೋ ಬಳಸಬೇಕಾದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಆಗ ಬೇಕಾಗಿತ್ತು. ಅನುಮತಿ ಕೊಡುವ ಮೊದಲು ಸ್ಥಳೀಯ ಸಮಿತಿಯ ಮಾತು ಕೇಳಬೇಕು. ಲಾಭ ಬಂದರೆ ತಳಿ ಕಾಪಾಡಿದವರ ಜೊತೆ ಹಂಚಿಕೊಳ್ಳಬೇಕು. ಇದು ಯಾವುದೂ ಆಗಿಲ್ಲ ಅಂತ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರ ಫೆಬ್ರವರಿಯಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು.

ಅದೇ ತಿಂಗಳು ಇನ್ನೊಂದು ದೊಡ್ಡ ಸಂಗತಿ ನಡೆದಿತ್ತು. 2009ರ ಅಕ್ಟೋಬರಿನಲ್ಲಿ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತ್ತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಜನರ ಅಭಿಪ್ರಾಯ ಕೇಳಿ 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಹಾಕಿದರು. ದೇವರ ನೈವೇದ್ಯದ ಗುಳ್ಳಕ್ಕೆ ಬ್ಯಾಕ್ಟೀರಿಯಾದ ಜೀನ್ ಯಾಕೆ ಅಂತ ಉಡುಪಿಯಲ್ಲೂ ಅಸಮಾಧಾನ ಎದ್ದಿತ್ತು. ರೈತರ ಭಯ ಇನ್ನೂ ಸರಳ. ಬದನೆಯ ಹೂವಿಗೆ ಜೇನು, ದುಂಬಿ ಬಂದು ಹೋಗುತ್ತವೆ. ಪಕ್ಕದ ಗದ್ದೆಯಲ್ಲಿ ಬಿಟಿ ಬಂದರೆ ನಮ್ಮ ಬೀಜ ನಮ್ಮದಾಗಿಯೇ ಉಳಿಯುತ್ತದೆ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ?

ದೂರಿನ ಕಡತ ನಿಧಾನವಾಗಿ ಚಲಿಸಿತು. ರಾಜ್ಯ ಮಂಡಳಿ ವಿಚಾರಣೆ ಮಾಡಿ ವರದಿ ಕಳಿಸಿತು. 2011ರ ಜೂನ್‌ನಲ್ಲಿ ರಾಷ್ಟ್ರೀಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. 2012ರ ನವೆಂಬರಿನಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ವಿಶ್ವವಿದ್ಯಾಲಯ, ಮಹಿಕೋ, ಸತ್ಗುರು ಇವರ ಮೇಲೆ ಕ್ರಿಮಿನಲ್ ದೂರು ದಾಖಲಾಯಿತು. ಅವರು ಆರೋಪ ಒಪ್ಪಲಿಲ್ಲ, ಪ್ರಕರಣವನ್ನೇ ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋದರು. 2013ರಲ್ಲಿ ಹೈಕೋರ್ಟ್ ರದ್ದು ಮಾಡಲು ಒಪ್ಪಲಿಲ್ಲ. ತಪ್ಪು ಯಾರದ್ದು ಅನ್ನುವುದನ್ನು ನ್ಯಾಯಾಲಯಗಳೇ ಹೇಳಬೇಕು. ಆದರೆ ಜೀವವೈವಿಧ್ಯ ಕಾಯ್ದೆಯಡಿ ಪ್ರಾಧಿಕಾರ ಇಂಥ ದೊಡ್ಡ ಸಂಸ್ಥೆಗಳ ಮೇಲೆ ದೂರು ಹಾಕಿದ್ದು ದೇಶದಲ್ಲೇ ಮೊದಲು. ಅದಕ್ಕೆ ಕಾರಣವಾದ ಆರು ಬದನೆಗಳಲ್ಲಿ ಒಂದು ನಮ್ಮ ಗುಳ್ಳ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ಕಲಂ ಪ್ರಕಾರ ಗಿಡ, ಬೀಜ, ತಳಿಗಳಿಗೆ ಪೇಟೆಂಟ್ ಇಲ್ಲ. ಗುಳ್ಳಕ್ಕೂ ಇಲ್ಲ, ಬಿಟಿ ಗುಳ್ಳಕ್ಕೂ ಇಲ್ಲ. ಆದರೆ ಪ್ರಯೋಗಾಲಯದಲ್ಲಿ ಕಟ್ಟಿದ ಜೀನಿಗೆ? ಹತ್ತಿಯ ಬಿಟಿ ಜೀನಿನ ಮೇಲೆ ಮಾನ್ಸಾಂಟೋಗೆ ಇದ್ದ ಪೇಟೆಂಟ್ ಊರ್ಜಿತವಲ್ಲ ಅಂತ 2018ರಲ್ಲಿ ದಿಲ್ಲಿ ಹೈಕೋರ್ಟ್ ಹೇಳಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟು ಪೂರ್ತಿ ವಿಚಾರಣೆ ನಡೆಯಲಿ ಅಂದಿತು. ಅಂದರೆ ಒಂದು ಜೀನಿಗೆ ಮಾಲೀಕರು ಇರಬಹುದು, ಅವರ ಪರ ವಾದಿಸಲು ವಕೀಲರ ಪಡೆಯೂ ಇರಬಹುದು. ಬದನೆಯಲ್ಲಿರುವ ಉಳಿದ ಸಾವಿರಾರು ಜೀನುಗಳನ್ನು ಸರಿಯಾದ ಹದಕ್ಕೆ ತಂದು ನಿಲ್ಲಿಸಿದ ಮಟ್ಟುವಿನ ಮನೆಗಳು ಮಾತ್ರ ಯಾವ ಅರ್ಜಿಯಲ್ಲೂ ಇಲ್ಲ. 1856ರ ಪಂಕದ ಹಗ್ಗ ಎಳೆಯುವವರ ಕತೆಯೇ ಮತ್ತೊಮ್ಮೆ.

ಈ ಗಲಾಟೆಯ ನಡುವೆಯೇ ಮಟ್ಟುವಿಗೂ ಒಂದು ಕಾಗದ ಸಿಕ್ಕಿತು. 2011ರಲ್ಲಿ 'ಉಡುಪಿ ಮಟ್ಟು ಗುಳ್ಳ' ಭೌಗೋಳಿಕ ಸೂಚಿಕೆ, ಅಂದರೆ ಜಿಐ ಪಟ್ಟಿಗೆ ಸೇರಿತು. ಪಕ್ಕದ ಶಂಕರಪುರದಲ್ಲಿ ಬೆಳೆದು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುವ ಉಡುಪಿ ಮಲ್ಲಿಗೆಗೆ ಅದಕ್ಕಿಂತ ಮೊದಲೇ ಜಿಐ ಸಿಕ್ಕಿತ್ತು. ಮಟ್ಟುವಿನ ಬೆಳೆಗಾರರು ಸಂಘ ಕಟ್ಟಿಕೊಂಡು ಕಾಯಿಗೆ ಸ್ಟಿಕ್ಕರ್ ಅಂಟಿಸಿ ಮಾರಲು ಶುರು ಮಾಡಿದರು. ಪೇಟೆಂಟ್ ಒಬ್ಬರಿಗೆ ಅಥವಾ ಒಂದು ಕಂಪನಿಗೆ ಸಿಗುತ್ತದೆ, 20 ವರ್ಷಕ್ಕೆ ಮುಗಿಯುತ್ತದೆ. ಜಿಐ ಒಂದು ಊರಿನ ಎಲ್ಲ ಬೆಳೆಗಾರರದ್ದು, 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು. ನಮ್ಮಂಥ ಊರುಗಳಿಗೆ ಹೊಂದುವ ಕಾಗದ ಇದು.

ಆದರೆ ಜಿಐಗೂ ಮಿತಿ ಇದೆ, ಇದನ್ನು ಜನ ಮರೆಯುತ್ತಾರೆ. ಅದು ಕಾಪಾಡುವುದು ಹೆಸರನ್ನು, ಬೀಜವನ್ನಲ್ಲ. ಬೇರೆ ಊರಿನವರು ಇದೇ ಬೀಜ ತಂದು ಬೆಳೆದರೆ ಜಿಐ ತಡೆಯುವುದಿಲ್ಲ, 'ಮಟ್ಟು ಗುಳ್ಳ' ಅಂತ ಮಾರಬಾರದು ಅಷ್ಟೇ. ಇತ್ತೀಚೆಗೆ ಕಾರ್ಕಳದಲ್ಲಿ ಊರಿನ ಕುಚ್ಚಲಕ್ಕಿಯನ್ನು 'ಕಾರ್ಲ ಕಜೆ' ಅಂತ ಹೆಸರಿಟ್ಟು ಮಾರುಕಟ್ಟೆಗೆ ತಂದರಲ್ಲ, ಅಲ್ಲಿಯೂ ಮಾತು ಇದೇ. ಹೆಸರು ಇದ್ದರೆ ಬೆಲೆ ಸಿಗುತ್ತದೆ. ಆದರೆ ಭತ್ತ ಬಿತ್ತುವವರು ಇದ್ದರೆ ಮಾತ್ರ ಹೆಸರಿಗೆ ಅರ್ಥ.

ಬೀಜವನ್ನೇ ಕಾಪಾಡುವ ಕಾಗದವೂ ಒಂದಿದೆ, ನಮ್ಮ ಕಡೆ ಅದರ ಬಗ್ಗೆ ಮಾತಾಡುವವರು ಕಡಿಮೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ. ರೈತರು ತಾವು ಕಾಪಾಡಿಕೊಂಡು ಬಂದ ತಳಿಯನ್ನು ರೈತ ತಳಿ ಅಂತ ನೋಂದಾಯಿಸಬಹುದು, ಶುಲ್ಕ ಇಲ್ಲ. ಬದನೆ, ಭತ್ತದಂಥ ಬೆಳೆಗಳಿಗೆ 15 ವರ್ಷ ರಕ್ಷಣೆ. ಅದರ 39ನೇ ಕಲಂ ಪ್ರಕಾರ ಬೀಜ ಉಳಿಸುವುದು, ಮತ್ತೆ ಬಿತ್ತುವುದು, ಹಂಚುವುದು, ಬ್ರಾಂಡ್ ಹಾಕದೆ ಮಾರುವುದು ರೈತರ ಹಕ್ಕು. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಕಂಪನಿ ಕೋಟಿ ರೂಪಾಯಿ ಲೆಕ್ಕದಲ್ಲಿ ಪರಿಹಾರ ಕೇಳಿ ದಾವೆ ಹಾಕಿತ್ತು. ರೈತರ ಪರ ನಿಂತವರು ಎತ್ತಿ ಹಿಡಿದದ್ದು ಇದೇ 39ನೇ ಕಲಂ. ದೇಶದೆಲ್ಲೆಡೆ ವಿರೋಧ ಬಂದ ಮೇಲೆ ಕಂಪನಿ ದಾವೆ ಹಿಂತೆಗೆಯಿತು.

ಇನ್ನೊಂದು ಕೆಲಸ ಇನ್ನೂ ಹತ್ತಿರದಲ್ಲಿದೆ. ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿನಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಒಂದು ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ಇರಬೇಕು. ಊರಿನ ತಳಿ, ಮರ, ಮೀನು, ನಾಟಿ ಮದ್ದು ಇವೆಲ್ಲ ಅದರಲ್ಲಿ ಬರೆದಿಡಬೇಕು. ಮುಂದಿನ ಸಲ ಊರಿಗೆ ಹೋದಾಗ ಪಂಚಾಯತಿನಲ್ಲಿ ಅದನ್ನು ಕೇಳಿ ನೋಡಿ. ನಿಮ್ಮ ಮನೆಯ ಹಿತ್ತಲಿನ ಹೆಸರಿಲ್ಲದ ಬೆಂಡೆ, ಅಮ್ಮ ಪ್ರತಿ ವರ್ಷ ಬೀಜಕ್ಕೆ ಬಿಡುವ ಹೀರೆ, ಅಜ್ಜ ತಂದ ಭತ್ತ ಅದರಲ್ಲಿ ಉಂಟಾ? ಇಲ್ಲದಿದ್ದರೆ ಸೇರಿಸಲು ಹೇಳಿ. ಯಾರು, ಎಷ್ಟು ಕಾಲದಿಂದ ಕಾಪಾಡಿದ್ದಾರೆ ಅಂತಲೂ ಬರೆಸಿ. ಬೆಂಗಳೂರಿನಲ್ಲಿ ಕೂತು ದಿನವಿಡೀ ಬೇರೆಯವರ ಕಂಪನಿಗೆ ಡಾಕ್ಯುಮೆಂಟೇಶನ್ ಬರೆಯುವ ನಮ್ಮಂಥವರಿಗೆ ಇದು ದೊಡ್ಡ ಕೆಲಸವಲ್ಲ.

ಕಾಗದದಿಂದ ಎಲ್ಲ ಸರಿಹೋಗುತ್ತದೆ ಅಂತಲ್ಲ. ಮಟ್ಟುವಿನ ಗದ್ದೆಗೆ ಈಗಿರುವ ಕಷ್ಟ ಪೇಟೆಂಟಿನದ್ದಲ್ಲ. ಹೊಳೆಯ ಉಪ್ಪು ನೀರು ನುಗ್ಗುವುದು, ಕಾಲ ತಪ್ಪಿ ಬರುವ ಮಳೆ, ಆಳು ಸಿಗದಿರುವುದು, ಮಕ್ಕಳು ಊರು ಬಿಟ್ಟಿರುವುದು. ಜಿಐ ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬಹುದು, ಅದು ಮೊಳಕೆ ಬರುವುದಿಲ್ಲ. ಬದನೆ ಬೀಜವನ್ನು ಕೆಲವು ವರ್ಷ ಬಿತ್ತದೆ ಇಟ್ಟರೆ ಅದರ ಜೀವ ಹೋಗುತ್ತದೆ. ಹಾಗಾಗಿ ಬೀಜಕ್ಕೆ ಬಿಟ್ಟ ಆ ಒಂದೆರಡು ಕಾಯಿ ಈ ವರ್ಷವೂ ಮಟ್ಟುವಿನ ಗದ್ದೆಯಲ್ಲಿ ಹಣ್ಣಾಗಬೇಕು, ಮುಂದಿನ ವರ್ಷವೂ ಆಗಬೇಕು. ಅದಕ್ಕೆ ನಮ್ಮಿಂದ ಆಗುವುದು ಇಷ್ಟು: ಅಂಗಡಿಯಲ್ಲಿ ಸ್ಟಿಕ್ಕರ್ ನೋಡಿ ಕೊಳ್ಳುವುದು, ಹತ್ತು ರೂಪಾಯಿ ಜಾಸ್ತಿ ಅಂತ ಚೌಕಾಸಿ ಮಾಡದಿರುವುದು.